ಎಲೆಯ ಬದಲು ಸಿಹಿಗುಂಬಳ

ಹಂಸಗಿಡ ಮುಗಿದಿತ್ತು.
ಆರು ಕುಂಡ, ಆರರಲ್ಲೂ ಬರೀ ಕಡ್ಡಿ.
ಕೊನೆಯ ಎಲೆಯ ನರವನ್ನೂ ಬಿಡದೆ ಮೇಯ್ದು
ಹದಿನಾಲ್ಕು ಹುಳ
ಕಡ್ಡಿಯ ತುದಿಯಲ್ಲಿ ತಲೆಯಾಡಿಸುತ್ತಿದ್ದವು,
ಅಂಗಡಿ ಮುಚ್ಚಿದ ಮೇಲೂ ಬಾಗಿಲಲ್ಲಿ ನಿಂತವರ ಹಾಗೆ.

ಏಪ್ರಿಲ್ ಕೊನೆ. ವಾಂಗನುಯಿಯಲ್ಲಿ ಅದು ಚಳಿಯ ಹೊಸ್ತಿಲು.
ನದಿಯ ಮಂಜು ಬೇಲಿ ಹತ್ತಿ ಬಂದು
ಹತ್ತು ಗಂಟೆಯಾದರೂ ಎದ್ದು ಹೋಗುವುದಿಲ್ಲ.
ನರ್ಸರಿಗೆ ಫೋನು ಮಾಡಿದೆ. ಗಿಡವಿಲ್ಲ.
ಇನ್ನೊಂದಕ್ಕೆ. ಇವೆ, ಆದರೆ ಔಷಧಿ ಹೊಡೆದಾಗಿದೆ.
ಪಕ್ಕದ ಮನೆಯ ರೀಪೆಕಾ, ಎಂಟು ವರ್ಷ, ಬೇಲಿಯ ಮೇಲಿಂದ:
"ಡೆಸ್, ಕುಂಬಳ ಕೊಡು. ನಮ್ಮ ಟೀಚರು ಕೊಟ್ಟಿದ್ದರು.
ದೊಡ್ಡವಕ್ಕೆ ಮಾತ್ರ. ಚಿಕ್ಕವು ಸಾಯ್ತವೆ."
ಹಾಗೆನ್ನುವಾಗ ಅವಳು
ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆ ಆಡಿಸುತ್ತಿದ್ದಳು.

ಚಾಕು ತೆಗೆದೆ.
ಮೂವತ್ತೊಂದು ವರ್ಷ ಮಾಂಸದ ಕಾರ್ಖಾನೆಯಲ್ಲಿ
ಸರಪಳಿಗೆ ತೂಗಿ ಬರುವ ಕುರಿಯೆದುರು ನಿಂತ ಚಾಕು.
ಮಸೆದು ಮಸೆದು ಅಲಗು ಬೆರಳಗಲ ಉಳಿದಿದೆ.
ಒಂದು ಪಾಳಿಗೆ ಎಷ್ಟು ಎಂದು ಕೇಳಬೇಡಿ.
ಲೆಕ್ಕ ಇಟ್ಟವರು ಬೇರೆ, ನಾನು ಕೈ ಮಾತ್ರ.
ಅದೇ ಕೈಯಲ್ಲಿ ಸಿಹಿಗುಂಬಳ ಹೆಚ್ಚಿದೆ,
ಬೆಳಕು ತೂರುವಷ್ಟು ತೆಳ್ಳಗೆ.
ಮೇಜಿಗೆ ನಿನ್ನೆಯ ಪತ್ರಿಕೆ ಹಾಸಿ
ಹುಳ ಮುಟ್ಟದೆ, ಕಡ್ಡಿ ಸಮೇತ, ಒಂದೊಂದೇ ಇಳಿಸಿದೆ.

ಮೊದಲ ದಿನ ಮೂಸಿಯೂ ನೋಡಲಿಲ್ಲ.
ಎರಡನೆಯ ದಿನ ಒಂದು, ಎಲ್ಲಕ್ಕಿಂತ ಹೊಟ್ಟೆಬಾಕ,
ಅಂಚಿಗೆ ಬಾಯಿಟ್ಟಿತು.
ಮಾರನೆಯ ಬೆಳಿಗ್ಗೆ ಪತ್ರಿಕೆಯ ತುಂಬ ಕಿತ್ತಳೆ ಹಿಕ್ಕೆ!
ಹವಾಮಾನ ವರದಿಯ ಮೇಲೆ, ನಿಧನವಾರ್ತೆಯ ಮೇಲೆ,
ರಗ್ಬಿ ತಂಡದ ನಾಯಕನ ಮೂಗಿನ ಮೇಲೆ
ಕಿತ್ತಳೆ ಕಿತ್ತಳೆ ಕಾಳು.
ನಕ್ಕೆ. ಈ ಅಡುಗೆಮನೆ ಆ ಸದ್ದು ಕೇಳಿ
ಎಷ್ಟು ದಿನವಾಗಿತ್ತೋ.

ಐದು ಚಿಕ್ಕವು ಸತ್ತವು. ರೀಪೆಕಾ ಹೇಳಿದ್ದಳಲ್ಲ.
ಒಂದನ್ನು ಕಣಜ ಹೊತ್ತೊಯ್ದಿತು, ಕಿಟಕಿ ತೆರೆದವನು ನಾನೇ.
ಉಳಿದ ಎಂಟು ಪರದೆ ಹತ್ತಿ, ತಲೆಕೆಳಗಾಗಿ,
ಕೊಕ್ಕೆಯ ಹಾಗೆ ಬಾಗಿ ತೂಗಿದವು.
ನನಗೆ ಗೊತ್ತಿದ್ದ ತೂಗಾಟವೇ ಬೇರೆ.
ಅಲ್ಲಿ ಚರ್ಮ ಸುಲಿಯುವವನು ನಾನು.
ಇಲ್ಲಿ ಅದೇ ತನ್ನ ಬೆನ್ನ ಸೀಳಿಕೊಂಡು,
ಕಾಲುಚೀಲ ಕಳಚಿದಂತೆ ಚರ್ಮವನ್ನು ಮೇಲಕ್ಕೆ ತಳ್ಳಿ,
ಹೊರಳಿ, ಒದರಿ, ಕೆಳಗೆ ಬೀಳಿಸಿ,
ಹಸಿರು ಹಸಿ ಹರಳಾಗಿ ನಿಂತಿತು,
ಸೊಂಟಕ್ಕೆ ಚಿನ್ನದ ಚುಕ್ಕಿಯಿಟ್ಟುಕೊಂಡು.
ಒಂದು ತೊಟ್ಟು ರಕ್ತವಿಲ್ಲ.
ನೆಲ ತೊಳೆಯುವ ನೀರಿಲ್ಲ.

ಮೇ ಪೂರ್ತಿ ಕಾದೆ. ಚಳಿಗೆ ಕೋಶಗಳೂ ಸೋಮಾರಿ.
ಎರಡು ಕಪ್ಪಾಗಿ ಮೆತ್ತಗಾದವು, ಹೂತೆ.
ಐದು ಹಾರಿದವು.
ಹಿಂದಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆಯಿದ್ದರೆ ಗಂಡು:
ಗಂಡು ಮೂರು, ಹೆಣ್ಣು ಎರಡು, ರೀಪೆಕಾಳ ನೋಟ್‌ಬುಕ್ಕಿನಲ್ಲಿ.
"ಪೂರೇರೇಹುವಾ," ಮೂರು ಸಲ ಹೇಳಿಸಿದಳು,
ಚಿಟ್ಟೆಗೆ ಅವಳಜ್ಜಿಯ ಮಾತು.
ಎಪ್ಪತ್ತೆರಡು ವರ್ಷ ಇದೇ ನದಿಯ ನೀರು ಕುಡಿದು
ಈಗ ಕಲಿತೆ, ಅದೂ ತಪ್ಪುತಪ್ಪಾಗಿ.

ಆರನೆಯದರ ರೆಕ್ಕೆ ಬಿಚ್ಚಲಿಲ್ಲ.
ಹಿಂಡಿ ಮರೆತ ಕರವಸ್ತ್ರ.
ಇಂಥದಕ್ಕೆ ಏನು ಮಾಡಬೇಕೆಂದು ಸಾಕುವವರಿಗೆಲ್ಲ ಗೊತ್ತು:
ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡು,
ನಿದ್ದೆ ಬಂದ ಹಾಗೆ ಹೋಗುತ್ತದೆ.
ಡಬ್ಬಿ ತೊಳೆದೆ. ಮುಚ್ಚಳ ಹುಡುಕಿದೆ. ಬಾಗಿಲು ತೆರೆದೆ.
ಆ ಬಿಳಿ ಉಸಿರು ಮುಖಕ್ಕೆ ಬಡಿಯಿತು.
ಮುಚ್ಚಿದೆ.
ಥಂಡಿಗೆ ನಾನು ಕಳಿಸಿದ್ದು ಸಾಕು.

ಈಗ ಅದು ಕಿಟಕಿಯ ಹಲಗೆಯಲ್ಲಿದೆ.
ಬಾಟಲಿ ಮುಚ್ಚಳದಲ್ಲಿ ಸಕ್ಕರೆ ನೀರು.
ಸುರುಳಿ ನಾಲಿಗೆಯನ್ನು ಗುಂಡುಸೂಜಿಯಲ್ಲಿ ಬಿಡಿಸಿ
ಸಿಹಿ ಎಲ್ಲಿದೆಯೆಂದು ತೋರಿಸಬೇಕು.
ನನ್ನ ಕೈ ನಡುಗುತ್ತದೆ, ಅದು ಕಾಯುತ್ತದೆ.
ಇವತ್ತಿಗೆ ಹನ್ನೊಂದು ದಿನ.
ಹೆಸರಿಡೋಣ ಎಂದಳು ರೀಪೆಕಾ. ಬೇಡ ಎಂದೆ.
ಬಿಸಿಲು ಸರಿದ ಹಾಗೆ ಮುಚ್ಚಳವನ್ನೂ ಸರಿಸುತ್ತೇನೆ,
ಅಂಗೈಯಗಲದ ಬಿಸಿಲು, ನಾಲ್ಕಕ್ಕೆಲ್ಲ ಮುಗಿಯುತ್ತದೆ.
ಷೆಡ್ಡಿನಲ್ಲಿ ಇನ್ನೂ ಒಂದು ಕುಂಬಳವಿದೆ.
ಅದು ನನ್ನ ಸೂಪಿಗೆ.