ಕೊನೆಯ ಹತ್ತು ನಿಮಿಷ

ಸ್ಕಾರ್ಬರೋದ ಕಡಲಿಗೆ ಬೆನ್ನು ಹಾಕಿ ನಿಂತ
ಎರಡೇ ಪರದೆಯ ಟಾಕೀಸಿನಲ್ಲಿ
ನಾನು ಕಸ ಗುಡಿಸುವವಳು.
ಪ್ರತಿ ಆಟದ ಕೊನೆಯ ಹತ್ತು ನಿಮಿಷ
ಪೊರಕೆ, ಕರಿ ಚೀಲ ಹಿಡಿದು
ಬಾಗಿಲ ಬಳಿ ಕತ್ತಲಲ್ಲಿ ನಿಲ್ಲುತ್ತೇನೆ.
ಹೀಗಾಗಿ ಈ ವರ್ಷ ಪಟ್ಟಿಗೆ ಬಂದ
ಐವರು ನಾಯಕಿಯರನ್ನೂ ಬಲ್ಲೆ,
ಅವರ ಅಂತ್ಯದಿಂದ.

ಸ್ಟಾಫ್ ರೂಮಿನ ಫ್ರಿಜ್ ಮೇಲೆ
ಕೀತ್ ಚೀಟಿ ಅಂಟಿಸಿದ್ದಾನೆ:
ಅತ್ಯುತ್ತಮ ನಟಿ ಯಾರು? ತಲೆಗೊಂದು ಪೌಂಡು,
ಭಾನುವಾರ ಲಂಡನ್ನಿನಲ್ಲಿ ಲಕೋಟೆ ಒಡೆಯುವ ಮುಂಚೆ.
ಬೆಥನಿ ಬರೆದಾಯಿತು. ಟಿಕೆಟ್ ಹರಿಯುವ ಆರ್ಥರ್ ಕೂಡ;
ಅವನು ಸಿನಿಮಾ ನೋಡಿ ಹದಿನಾರು ವರ್ಷ.
"ನೀನು?"
ತಡಿ, ಎಂದೆ. ನನಗೆ ಅಭಿಪ್ರಾಯಗಳಿವೆ.

ಮೊದಲನೆಯವಳದು ರಾಣಿಯ ಪಾತ್ರ.
ಕಿರೀಟವೇ ಅವಳನ್ನು ಹೊತ್ತು ತಿರುಗಿದೆ.
ಇಷ್ಟು ಸಾಕು.

ಎರಡನೆಯವಳು ಸಾಯುತ್ತಾಳೆ.
ವಾರಕ್ಕೆ ಹನ್ನೆರಡು ಸಲ ನನ್ನೆದುರೇ ಸತ್ತು
ಒಮ್ಮೆಯೂ ತಾಳ ತಪ್ಪಿಲ್ಲ.
ಅದೇ ನನ್ನ ತಕರಾರು.

ಮೂರನೆಯವಳು ಬಸ್ ಓಡಿಸುವವಳು.
ಡಿಪೋದಲ್ಲಿ, ಖಾಲಿ ಬಸ್ಸಿನೊಳಗೆ
ಒಂದೊಂದೇ ದೀಪ ಆರಿಸುತ್ತಾಳೆ.
ಅದೇ ಚಿತ್ರ, ಅದೇ ಬೆರಳು, ಗೊತ್ತು ನನಗೆ,
ಆದರೂ ಪ್ರತಿಸಲ
ಇವತ್ತು ಕೊನೆಯದನ್ನು ಆರಿಸಲಾರಳೇನೋ ಎಂದು
ಪೊರಕೆ ಬಿಗಿಹಿಡಿಯುತ್ತೇನೆ.

ನಾಲ್ಕನೆಯ ಹುಡುಗಿ ಚೆನ್ನಾಗಿ ಮಾಡಿದ್ದಾಳೆ.
ಅದು ಅವಳಿಗೂ ಗೊತ್ತಾಗಿಬಿಟ್ಟಿದೆ.

ಐದನೆಯವಳು, ಅಯ್ಯೋ, ಅವಳ ಅಳು!
ಅಡುಗೆಮನೆಯ ನೆಲದ ಮೇಲೆ ಕುಸಿದು
ಮೂಗು, ಬಾಯಿ, ಭುಜ ಎಲ್ಲ ಸೇರಿ ಅಳು.
ಪತ್ರಿಕೆಗಳಲ್ಲಿ ಐದೈದು ನಕ್ಷತ್ರ,
ಸೀಟಿನ ಕೆಳಗೆ ಎರಡು ಚೀಲ ಟಿಶ್ಯೂ.
ಬೆಥನಿ ಬರೆದದ್ದು ಇವಳನ್ನೇ.

ನನಗೆ ನೆನಪಾದವಳು ಫಕೀರವ್ವ ಅತ್ತಿ.
ಗದಗಿನ ತಗಡಿನ ಥೇಟರಿನ ಕಂಪನಿ ನಾಟಕದಲ್ಲಿ
ಹಾಡಿಗೆ ಒನ್ಸ್‌ಮೋರ್ ಅಂದರೆ ನಾಲ್ಕು ಸಲ ಹಾಡುವಳು,
ಅಳುವ ಸೀನಿಗೆ ಅಂದರೆ
ಒಳಗೆ ಹೋಗಿ ಚಹಾ ಕುಡಿಯುವಳು.
"ಅಳಸೂದು ಏನ್ ದೊಡ್ಡದವಾ, ಉಳ್ಳಾಗಡ್ಡಿನೂ ಅಳಸ್ತೈತಿ.
ಮಂದಿಗೆ ಬೆನ್ನ ಮಾಡಿ ನಿಂತು ಮಾಡಿ ತೋರ್ಸು,
ಆಗ ಅಂತೀನಿ ನಟಿ."

ಬುಧವಾರ ನನಗೆ ರಜೆ, ಸಿಬ್ಬಂದಿಗೆ ಟಿಕೆಟ್ ಪುಕ್ಕಟೆ.
ಮಧ್ಯಾಹ್ನದ ಆಟಕ್ಕೆ ಮೂವರು ಅಜ್ಜಿಯರ ಹಿಂದೆ ಕೂತೆ,
ಐದನೆಯವಳನ್ನು ಪೂರಾ ನೋಡಿ
ಪೂರಾ ಬೈಯೋಣವೆಂದು.

ಅವಳು ಅಳಲಿಲ್ಲ.
ಶರ್ಟು ಇಸ್ತ್ರಿ ಮಾಡಿದಳು.
ಸಾಲ ಕೇಳಲು ಬಂದ ಬ್ಯಾಂಕಿನವನಿಗೆ ಬಿಸ್ಕತ್ತು ಕೊಟ್ಟಳು.
ಯಾರೋ ಮಗನ ಸುದ್ದಿ ಎತ್ತಿದಾಗ
ನಲ್ಲಿ ತಿರುಗಿಸಿ, ನಮಗೆ ಬೆನ್ನು ಮಾಡಿ
ಒಂದು ಲೋಟ ತೊಳೆದಳು.
ಅದನ್ನೇ ಮತ್ತೆ ತೊಳೆದಳು.
ಬೆನ್ನು, ಬರೀ ಬೆನ್ನು,
ಕಾರ್ಡಿಗನ್ನಿನ ಕೆಳಗೆ ಒಂದು ಎಲುಬು
ಸ್ವಲ್ಪ ಸರಿದದ್ದು ಕಂಡೆ.
ಬಾಯಲ್ಲಿದ್ದ ಪಾಪ್‌ಕಾರ್ನ್ ಅಗಿಯಲಾಗದೆ ಹಾಗೇ ಕೂತೆ.

ಒಂದೂವರೆ ಗಂಟೆ ಕಳೆದ ಮೇಲೆ ಬಂತು
ಬಾಯಿಪಾಠವಾಗಿದ್ದ ಅದೇ ಅಡುಗೆಮನೆಯ ನೆಲ.
ಯಾಕೋ ಬಾಗಿಲ ಕಡೆ ತಿರುಗಿದೆ.
ಬುಧವಾರದ ಹುಡುಗ ಪೊರಕೆ ಹಿಡಿದು
ಅವಳನ್ನೇ ನೋಡುತ್ತಾ ಆಕಳಿಸುತ್ತಿದ್ದ.

ಕೀತನಿಗೆ ಎರಡು ಪೌಂಡು ಕೊಟ್ಟೆ, ಎರಡು ಹೆಸರು:
ಬಸ್ಸಿನವಳು, ಲೋಟದವಳು.
ತಲೆಗೊಂದೇ ಎಂದು ಒಂದನ್ನು ವಾಪಸು ಮಾಡಿದ.
ಬಸ್ಸಿನವಳನ್ನು ಹೊಡೆದುಹಾಕಿದೆ,
ಆಮೇಲೆ ಆ ವಾರವೆಲ್ಲ ಅವಳ ಆಟಕ್ಕೆ
ಬಾಗಿಲು ತೆರೆಯಲು ನಾಚಿಕೆ.

ಭಾನುವಾರ ಗೆದ್ದದ್ದು ರಾಣಿ.
ನಾಲ್ಕು ಪೌಂಡನ್ನೂ ಆರ್ಥರ್ ಜೇಬಿಗಿಳಿಸಿದ.
ಹೇಗೆ ಗೊತ್ತಾಯಿತೋ ಎಂದರೆ
"ಪೋಸ್ಟರ್ ದೊಡ್ಡದಿತ್ತು" ಅಂದ.

ಸೋಮವಾರ ರಾಣಿಗೆ ಜನವೋ ಜನ.
ಚೀಲ ಕೊಡವಿ ಕತ್ತಲಲ್ಲಿ ನಿಂತೆ.
ಕಿರೀಟ ತೆಗೆದು ಮೇಜಿನ ಮೇಲಿಟ್ಟಳು, ಎಂದಿನಂತೆ,
ಕೈ ಒಂದು ಕ್ಷಣ ಅಲ್ಲೇ ಉಳಿಯಿತು.
ಇದನ್ನು ನಾನು ನೋಡಿರಲಿಲ್ಲ.
ಇದಕ್ಕೆ ಮುಂಚೆ ಏನೇನು ಮಾಡಿದ್ದಾಳೋ.
ದೀಪ ಹತ್ತಿತು, ಗುಡಿಸತೊಡಗಿದೆ.