ಏಳನೆಯ ಪ್ರತಿ

ಪೋರ್ಟ್ ಕೆಂಬ್ಲಾದಲ್ಲಿ ಉಕ್ಕಿನ ಕಾರ್ಖಾನೆಯ ಹೊಗೆ
ಯಾವ ಕಡೆ ವಾಲಿದೆ ಎಂದು ನೋಡಿಯೇ
ನಾನು ಕಿಟಕಿ ತೆರೆಯುವುದು.
ತೆಂಕಣ ಗಾಳಿಯಾದರೆ ಸರಿ.
ಬಡಗಣದ್ದಾದರೆ ಹಸಿ ಬಣ್ಣದ ಮೇಲೆ ಕರಿ ಪುಡಿ.

ಸಿಡ್ನಿಯ ವ್ಯಾಪಾರಿಗೆ ಹನ್ನೆರಡು ಪ್ರತಿ ಬೇಕು,
ಹನ್ನೆರಡೂ ಒಂದೇ ಚಿತ್ರ:
ಜೋಡಿ ದೋಣಿ, ಏಡಿಯ ಕೊಂಬಿನಂಥ ಹಾಯಿ,
ಹುಟ್ಟು ಹಿಡಿದ ಹದಿನಾರು ಮಂದಿ,
ಮುಂದೆ ನಿಂತವನೊಬ್ಬ, ಎಲ್ಲಿಗೋ ಬೆರಳು ತೋರುತ್ತ.
ಇನ್ನೂರು ವರ್ಷದ ಹಿಂದೆ ಬರೆದವನ ಹೆಸರು ಉಳಿದಿಲ್ಲ.
ಅವನೂ ದೋಣಿ ಕಂಡವನಲ್ಲವಂತೆ;
ಯಾರದೋ ಅಚ್ಚಿನ ಚಿತ್ರ ಎದುರಿಗಿಟ್ಟುಕೊಂಡು
ಲಂಡನ್ನಿನ ಚಳಿಯಲ್ಲಿ, ಬೆರಳಿಗೆ ಉಸಿರು ಊದಿಕೊಳ್ಳುತ್ತ
ಈ ನೀಲಿಯನ್ನು ಊಹಿಸಿದವನು.

ನಾನು ಗದಗಿನವಳು. ಅಪ್ಪ
ಲಾರಿಯ ಹಿಂಬದಿಗೆ ಗಿಣಿ, ಕಮಲ ಬರೆಯುತ್ತಿದ್ದ,
ಶುಕ್ರವಾರದ ಸಿನಿಮಾಕ್ಕೆ ಇಪ್ಪತ್ತಡಿ ಮುಖ.
ಚೌಕ ಹಾಕುವುದು ಅವನೇ ಕಲಿಸಿದ್ದು.
‘ಮಾರಿ ನೋಡಬ್ಯಾಡ, ಚೌಕ ನೋಡು.
ಮೂಗು ಅಂದಕೊಂಡಿ ಅಂದ್ರ ಮೂಗು ಕೆಡ್ತದ.’
ಹಾಗಾಗಿ ನಾನು ದೋಣಿ ನೋಡಿದವಳೇ ಅಲ್ಲ.
ನಾಲ್ಕನೇ ಸಾಲು, ಒಂಬತ್ತನೇ ಚೌಕ:
ಒಂದು ಭುಜ, ಅರ್ಧ ಅಲೆ.
ಮಕ್ಕೀಕಾಮಕ್ಕಿ.
ಮೂಲದಲ್ಲಿ ನೊಣ ಸತ್ತಿದ್ದರೆ
ನನ್ನದರಲ್ಲೂ ಅಲ್ಲೇ ಸಾಯಬೇಕು.

ಅಜ್ಜಿಯ ಫೋಟೋಕ್ಕೆ ಚೌಕಟ್ಟು ಹಾಕಿಸಲು ಬಂದವನು ಸೆಮಿಸಿ,
ಟೋಂಗಾದವನು, ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಕ್ರೇನ್ ನಡೆಸಿ ನಿವೃತ್ತನಾದವನು.
ಒಣಗಲು ಇಟ್ಟ ಆರೂ ದೋಣಿಗಳ ಮುಂದೆ ನಿಂತ.
ತುಂಬ ಹೊತ್ತು ನಿಂತ.
ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

‘ಹಾಯಿ ಉಬ್ಬಿದ್ದು ಬಲಕ್ಕೆ, ಬಾವುಟ ಹಾರಿದ್ದು ಎಡಕ್ಕೆ.
ಎರಡು ಗಾಳಿ ಒಟ್ಟಿಗೆ ಬೀಸುವ ಸಮುದ್ರ
ಎಲ್ಲಿದೆ ಹೇಳಮ್ಮ?’

ಆರು ಸಲ ಬರೆದಿದ್ದೆ, ಆ ಎರಡೂ ಗಾಳಿ.
ಗಾಳಿ ಬಂದಾಗ ತೂರಿಕೋ ಅನ್ನುವ ಸೀಮೆಯವಳು;
ಕಣದಲ್ಲಿ ಹೊಟ್ಟು ಹಾರುವ ದಿಕ್ಕು ಬಲ್ಲೆ,
ಹಾಯಿಯ ದಿಕ್ಕು ಯಾರು ಹೇಳಿಕೊಟ್ಟಿದ್ದರು?

ತಿದ್ದಿ ಕೊಡಲೇ, ನಿಮಗೇ ಅಂತ ಒಂದು? ಎಂದೆ.
‘ಬೇಡ. ಅವರ ಗಾಳಿ ಅವರಿಗಿರಲಿ.’
ಬೆರಳು ತಾಗದ ಹಾಗೆ ಒಬ್ಬೊಬ್ಬರನ್ನೇ ಎಣಿಸಿದ.
ಹದಿನೇಳು.
‘ಒಬ್ಬ ಕಮ್ಮಿ.’

ಅವನ ತಾತ ಹೇಳುತ್ತಿದ್ದನಂತೆ:
ದಾರಿ ಬಲ್ಲವನು ದೋಣಿಯ ತಳದಲ್ಲಿ ಮಲಗಿರುತ್ತಾನೆ,
ಕಣ್ಣು ಮುಚ್ಚಿ.
ಯಾವ ಅಲೆ ಯಾವ ದ್ವೀಪಕ್ಕೆ ಬಡಿದು ತಿರುಗಿ ಬಂತು
ಎನ್ನುವುದು ಅವನ ಬೆನ್ನಿಗೆ ಗೊತ್ತು.
‘ಬೆರಳು ತೋರುವವನಿಗೆ ಏನೂ ಗೊತ್ತಿರುವುದಿಲ್ಲ,’
ಎಂದು ಅಜ್ಜಿಯನ್ನು ಕಂಕುಳಲ್ಲಿಟ್ಟುಕೊಂಡು
ದುಡ್ಡು ಎಣಿಸಿಕೊಟ್ಟು ಹೋದ.

ಆ ರಾತ್ರಿ ಏಳನೆಯದು.
ಮಲಗಿದವನಿಗೆ ಮೂಲವಿಲ್ಲ, ಚೌಕವಿಲ್ಲ.
ಕುಂಚ ಅದ್ದಿಕೊಂಡು ಸುಮ್ಮನೆ ಕೂತೆ.

ಮಧ್ಯಾಹ್ನ ರೊಟ್ಟಿ ತಿಂದು ಅಪ್ಪ
ಬಣ್ಣ ಆರುತ್ತಿದ್ದ ಲಾರಿಯ ಅಡಿಗೇ, ನೆರಳಿಗೆ, ಒರಗುತ್ತಿದ್ದ,
ಅಂಗೈ ನೆಲಕ್ಕೆ ಒತ್ತಿ.
ಕಣ್ಣು ಬಿಡದೆ ಹೇಳುತ್ತಿದ್ದ,
‘ಹುಬ್ಬಳ್ಳಿ ಕಡೆಯಿಂದ ಬರಾಕತ್ತೈತಿ, ಲೋಡ್ ಗಾಡಿ.’
ಸ್ವಲ್ಪ ಹೊತ್ತಿಗೆ ಬರುತ್ತಿತ್ತು.

ಆ ಅಂಗೈ ಬರೆದೆ ಮೊದಲು. ಆಮೇಲೆ ಬೆನ್ನು,
ಮುಚ್ಚಿದ ರೆಪ್ಪೆ, ಸೆಮಿಸಿಯ ಅಗಲ ಮೂಗು.
ಮೂಗು ಅಂದುಕೊಂಡೇ ಬರೆದೆ. ಕೆಡಲಿಲ್ಲ.
ಬೆಳಗಿನ ಜಾವ ಅವನ ಮೇಲೆ ದೋಣಿಯ ಹಲಗೆ ಬಳಿದೆ,
ಕಂದು, ಎರಡು ಪದರ,
ಎಲ್ಲೂ ಕಾಣದ ಹಾಗೆ.
ಹಾಯಿ ಬಲಕ್ಕೇ ಇದೆ, ಬಾವುಟ ಎಡಕ್ಕೆ.

ವ್ಯಾಪಾರಿ ಫೋನ್ ಮಾಡಿದ್ದ.
ಹನ್ನೊಂದು ಒಣಗಿವೆ ಅಂತೀರಿ,
ಈ ಒಂದಕ್ಕೇನಾಯ್ತು, ದೋಣಿಯ ಹೊಟ್ಟೆ ಇನ್ನೂ ಹಸಿ?
ವಾರದಿಂದ ಬಡಗಣ ಗಾಳಿ, ಕಿಟಕಿ ತೆರೆದಿಲ್ಲ ಎಂದೆ.
ಅದೂ ಸುಳ್ಳಲ್ಲ.