ಜೂನ್ ಒಂದು

ಕುಶಾಲನಗರದ ತಾಲೂಕು ಕಚೇರಿಯೆದುರು
ನನ್ನ ಮೇಜಿಗೆ ಮೂರೇ ಕಾಲು, ನಾಲ್ಕನೆಯದು ಇಟ್ಟಿಗೆ.
ನೋರ್‌ಜೊಮ್ ಅಕ್ಕ ಕೂತರು,
ಸ್ವೆಟರ್ ಗಂಟು ಮಡಿಲಲ್ಲಿಟ್ಟು.

ಹುಟ್ಟಿದ ದಿನ?
"ಕ್ಯಾಂಪಿನ ಜೋಳಕ್ಕೆ ಆನೆ ನುಗ್ಗಿದ ರಾತ್ರಿ."
ತಾರೀಖು?
"ಆನೆಯನ್ನೇ ಕೇಳು."

ಹುಟ್ಟಿದ್ದು ಹೊಳೆಯಾಚೆ.
ಇರುವುದು ಈಚೆ, ಮೀನಂಗಡಿಯ ಮಾಳಿಗೆ.
ದೇಶ ಎಂಬಲ್ಲಿ ಪೆನ್ನು ನಿಂತಿತು.
ಅಕ್ಕ ನನ್ನ ಮುಖ ನೋಡಲಿಲ್ಲ,
ಗಂಟಿನಿಂದ ಇಣುಕಿದ ಒಂದೆಳೆಯನ್ನು
ಬೆರಳಿಗೆ ಸುತ್ತುತ್ತಿದ್ದರು.
"ಅದು ಕೊನೆಗಿರಲಿ."

ಸಾಕ್ಷಿಗೆ ಮೊಯ್ದುಟ್ಟಿ ಬಂದ, ಕೆಳಗಿನ ಅಂಗಡಿಯವ.
ಲುಂಗಿಗೆ ಕೈ ಒರೆಸಿ ಸಹಿ ಹಾಕಿದ.
ಕಾಗದದ ಮೇಲೆ ಮತ್ತಿಯ ಒಂದು ಹುರುಪೆ
ಮುದ್ರೆಯ ಹಾಗೆ ಹೊಳೆಯಿತು.

ಜೂನ್ ಒಂದು ಅಂತ ಬರೆಯಲೇ, ಎಂದೆ.
ಶಾಲೆಗೆ ಸೇರಿಸುವಾಗ ಮೇಷ್ಟ್ರು ನನಗೂ ಅದನ್ನೇ ಕೊಟ್ಟರು,
ನನ್ನಪ್ಪನಿಗೂ, ಈ ಮೊಯ್ದುಟ್ಟಿಗೂ.

"ಹಾಗಾದರೆ ಎಲ್ಲರಿಗೂ ಒಂದೇ ದಿನ ಪಾಯಸ,"
ಅಕ್ಕ ನಕ್ಕರು.
ಆಮೇಲೆ, ಪೆನ್ನು ಇಲ್ಲಿ ಕೊಡು, ಅಂದರು.